ಡಿ'ಸೋಜಾ ಹೆಸರಿಗೆ ಮುರಿಯದ ಕ್ವೆರಿ ಬರೆಯುವುದು ಹೇಗೆ

ಮಂಗಳೂರು, ಉಡುಪಿ ಕಡೆಯ ಸದಸ್ಯರ ಪಟ್ಟಿಯೊಂದನ್ನು ಇಂಗ್ಲಿಷಿನಲ್ಲಿ ತುಂಬಿಸಿದ್ದರೆ ಅದರಲ್ಲಿ ಡಿ'ಸೋಜಾ, ಡಿ'ಮೆಲ್ಲೊ, ಡಿ'ಕುನ್ಹಾ ಸಿಕ್ಕೇ ಸಿಗುತ್ತಾರೆ. ಹೆಸರಿನ ನಡುವಿನ ಆ ಪುಟ್ಟ ಗೀಟು ನಮಗೆ ಉಚ್ಚಾರದ ಗುರುತು. ಡೇಟಾಬೇಸಿನ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯುಎಲ್‌ಗೆ ಮಾತ್ರ ಅದು "ಸ್ಟ್ರಿಂಗ್ (ಪಠ್ಯದ ತುಣುಕು) ಇಲ್ಲಿಗೆ ಮುಗಿಯಿತು" ಎಂಬ ಅಪ್ಪಣೆ. ಹತ್ತು ಸಾವಿರ ಹೆಸರು ಸಲೀಸಾಗಿ ಸೇರಿಸಿದ ಪ್ರೋಗ್ರಾಮು ಹತ್ತು ಸಾವಿರದ ಒಂದನೆಯದಕ್ಕೆ ಬಿದ್ದುಹೋಗುವುದು ಇದರಿಂದಲೇ.

ಮುಂದಿನ ಉದಾಹರಣೆಗಳಲ್ಲಿ ಕೀವರ್ಡು, ಟೇಬಲ್, ಕಾಲಂ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕೀವರ್ಡುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಚಿಹ್ನೆಗಳು ಇದ್ದ ಹಾಗೆಯೇ ಇರಲಿ, ವಿಷಯ ಇರುವುದೇ ಅವುಗಳಲ್ಲಿ.

ಏನು ಮುರಿಯುತ್ತದೆ

ಕ್ವೆರಿಯನ್ನು, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಯನ್ನು, ಪಠ್ಯವಾಗಿ ಜೋಡಿಸಿದಾಗ ಹೀಗಾಗುತ್ತದೆ:

    ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಹೆಸರು = 'ಡಿ'ಸೋಜಾ'

ಪಾರ್ಸರ್ (ಕ್ವೆರಿಯನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ಭಾಗ) ಓದುವುದು ಹೀಗೆ: 'ಡಿ' ಒಂದು ಸ್ಟ್ರಿಂಗ್, ಮುಗಿಯಿತು. ಆಮೇಲೆ ಸೋಜಾ ಎಂಬ ಅರ್ಥವಿಲ್ಲದ ಪದ. ಕೊನೆಯ ಕೋಟ್‌ನಿಂದ ಇನ್ನೊಂದು ಸ್ಟ್ರಿಂಗ್ ತೆರೆದಿದೆ, ಮುಚ್ಚಿಲ್ಲ. ಮೈಎಸ್‌ಕ್ಯುಎಲ್ 1064 ಎನ್ನುತ್ತದೆ, ಒರಾಕಲ್ 01756 ಎನ್ನುತ್ತದೆ. ದೋಷ ಬಂದರೆ ಅದೃಷ್ಟವೆಂದೇ ತಿಳಿಯಿರಿ. ಅದೇ ಜಾಗದಲ್ಲಿ ಯಾರಾದರೂ ಹೆಸರಿನ ಬದಲು ' ಆರ್ 1=1 -- ಎಂದು ಬರೆದರೆ ದೋಷವೇ ಬರುವುದಿಲ್ಲ, ಟೇಬಲ್ಲಿನ ಸಾಲುಗಳೆಲ್ಲ ಹೊರಬರುತ್ತವೆ. ಡಿ'ಸೋಜಾ ಅವರಿಗೆ ಬೀಳುವ ಕ್ವೆರಿ ಮತ್ತು ಕಳ್ಳನಿಗೆ ತೆರೆಯುವ ಕ್ವೆರಿ ಬೇರೆ ಬೇರೆಯಲ್ಲ.

ಬಹಳ ಮಂದಿ ಇಲ್ಲಿ ಚಿಹ್ನೆಯ ಬೆನ್ನು ಹತ್ತುತ್ತಾರೆ: ' ತೆಗೆದುಹಾಕು, ; ತಡೆ, -- ಕಂಡರೆ ನಿರಾಕರಿಸು. ಇದು ತಪ್ಪು ದಾರಿ. ಅದರಿಂದ ಡಿ'ಸೋಜಾ ಎಂಬವರ ಹೆಸರು ಕೆಡುತ್ತದೆಯೇ ಹೊರತು ಕಿಂಡಿ ಮುಚ್ಚುವುದಿಲ್ಲ. ಆ ಚಿಹ್ನೆಗಳಿಗೆ ವಿಶೇಷ ಅರ್ಥ ಬರುವುದು ಪಾರ್ಸರ್ ಓದಿದಾಗ ಮಾತ್ರ. ಬೆಲೆಯನ್ನು, ಅಂದರೆ ಕ್ವೆರಿಗೆ ಹಾಕುವ ಹೆಸರು, ಸಂಖ್ಯೆಯಂಥ ಮೌಲ್ಯವನ್ನು, ಪಾರ್ಸರ್ ಕೈಗೆ ಕೊಡದಿದ್ದರೆ ಯಾವ ಚಿಹ್ನೆಯೂ ವಿಶೇಷವಲ್ಲ.

ಬೆಲೆಗೆ ಬೇರೆ ದಾರಿ: ಪ್ಲೇಸ್‌ಹೋಲ್ಡರ್

ಕ್ವೆರಿಯಲ್ಲಿ ಬೆಲೆ ಬರಬೇಕಾದಲ್ಲಿ ಒಂದು ಗುರುತು ಇಡಿ. ಬೆಲೆಯನ್ನು ಡ್ರೈವರ್‌ಗೆ (ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ತಂತ್ರಾಂಶಕ್ಕೆ) ಪ್ರತ್ಯೇಕವಾಗಿ ಕೊಡಿ. ಸರ್ವರ್ ಮೊದಲು ಕ್ವೆರಿಯ ರಚನೆಯನ್ನು ಪಾರ್ಸ್ ಮಾಡಿಕೊಳ್ಳುತ್ತದೆ. ಆಮೇಲೆ ಬರುವ ಬೆಲೆಯಲ್ಲಿ ಏನಿದ್ದರೂ ಅದು ಬರೀ ಬೆಲೆ.

ಗುರುತು ಎಲ್ಲ ಕಡೆ ಒಂದೇ ಅಲ್ಲ. ಜಾವಾದ ಜೆಡಿಬಿಸಿ, ಎಸ್‌ಕ್ಯುಎಲೈಟ್ ಮತ್ತು ಪಿಎಚ್‌ಪಿಯ ಮೈಎಸ್‌ಕ್ಯುಎಲ್‌ಐ ಬಳಸುವುದು ? ಚಿಹ್ನೆ. ಪೋಸ್ಟ್‌ಗ್ರೆಸ್‌ನದೇ ಆದ ರೂಪ $1, $2. ಪೈಥಾನಿನ ಸೈಕಾಪ್‌ಜಿ ಮತ್ತು ಮೈಎಸ್‌ಕ್ಯುಎಲ್ ಕನೆಕ್ಟರ್ ಎರಡರಲ್ಲೂ %ಎಸ್. ಒರಾಕಲ್ ಮತ್ತು ಪಿಎಚ್‌ಪಿಯ ಪಿಡಿಒದಲ್ಲಿ :ಹೆಸರು, ಎಸ್‌ಕ್ಯುಎಲ್ ಸರ್ವರಿನಲ್ಲಿ @ಹೆಸರು.

    ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಹೆಸರು = ?

ಇಷ್ಟು ಸರಳವಾದದ್ದರಲ್ಲೂ ಎಡವುವ ಜಾಗಗಳಿವೆ.

ಗುರುತಿನ ಸುತ್ತ ಕೋಟ್ ಹಾಕುವುದು ಮೊದಲನೆಯದು. '?' ಎಂದು ಬರೆದರೆ ಅದು ಪ್ಲೇಸ್‌ಹೋಲ್ಡರ್ ಅಲ್ಲ, ಪ್ರಶ್ನಾರ್ಥಕ ಚಿಹ್ನೆಯೊಂದಿರುವ ಸ್ಟ್ರಿಂಗ್. "ಪ್ಯಾರಾಮೀಟರ್ ಸಂಖ್ಯೆ ಹೊಂದುತ್ತಿಲ್ಲ" ಎಂಬ ದೋಷ ಬಂದರೆ ಮೊದಲು ಇದನ್ನೇ ನೋಡಿ.

ಎರಡನೆಯದು ಪೈಥಾನಿನದು, ಕಣ್ಣಿಗೆ ಬೀಳದಂಥದ್ದು. ಎಕ್ಸಿಕ್ಯೂಟ್ ಕರೆಯಲ್ಲಿ ಕ್ವೆರಿಯ ನಂತರ ಅಲ್ಪವಿರಾಮ ಹಾಕಿ ಬೆಲೆಗಳ ಟಪಲ್ (ಆವರಣದೊಳಗಿನ ಪಟ್ಟಿ) ಕೊಟ್ಟರೆ ಡ್ರೈವರ್ ನೋಡಿಕೊಳ್ಳುತ್ತದೆ. ಅಲ್ಪವಿರಾಮದ ಬದಲು % ಹಾಕಿದರೆ ಪೈಥಾನೇ ಪಠ್ಯವನ್ನು ಹೊಲಿದು ಕಳಿಸುತ್ತದೆ, ರಕ್ಷಣೆ ಪೂರ್ತಿ ಮಾಯ. ಒಂದೇ ಬೆಲೆಯಿದ್ದಾಗ ಟಪಲ್ಲಿನಲ್ಲೂ ಕೊನೆಯ ಅಲ್ಪವಿರಾಮ ಬೇಕು: (ಹೆಸರು,). ಇಲ್ಲದಿದ್ದರೆ ಅದು ಟಪಲ್ಲೇ ಅಲ್ಲ. ಜೊತೆಗೆ, ಬೆಲೆಗಳನ್ನು ಕೊಟ್ಟಾಗ ಕ್ವೆರಿಯೊಳಗೆ ನಿಜವಾದ ಶೇಕಡಾ ಚಿಹ್ನೆ ಬೇಕಿದ್ದರೆ %% ಎಂದು ಬರೆಯಬೇಕು.

ಪಿಡಿಒ ಮೂಲಕ ಮೈಎಸ್‌ಕ್ಯುಎಲ್ ಬಳಸುವವರು ತಿಳಿದಿರಬೇಕಾದದ್ದು: ಅದು ತಾನಾಗಿ ಪ್ರಿಪೇರ್ ಅನ್ನು (ಕ್ವೆರಿಯನ್ನು ಬೆಲೆಯಿಲ್ಲದೆ ಮೊದಲೇ ಸರ್ವರಿಗೆ ಕಳಿಸುವುದನ್ನು) ನಟಿಸುತ್ತದಷ್ಟೇ. ಬೆಲೆಯನ್ನು ತಾನೇ ಎಸ್ಕೇಪ್ ಮಾಡಿ (ವಿಶೇಷ ಚಿಹ್ನೆಗಳು ಬರೀ ಅಕ್ಷರವಾಗಿ ಓದಿಸಿಕೊಳ್ಳುವಂತೆ ಬರೆದು) ಪಠ್ಯದೊಳಗೆ ಸೇರಿಸಿ ಕಳಿಸುತ್ತದೆ. ಎಮ್ಯುಲೇಟ್ ಪ್ರಿಪೇರ್ಸ್ ಆಯ್ಕೆಯನ್ನು ಫಾಲ್ಸ್ ಮಾಡಿ, ಸಂಪರ್ಕದ ಡಿಎಸ್‌ಎನ್ ಸಾಲಿನಲ್ಲೇ ಚಾರ್‌ಸೆಟ್ ಯುಟಿಎಫ್8ಎಂಬಿ4 ಎಂದು ಕೊಡಿ. ನಟನೆ ಚಾಲೂ ಇದ್ದಾಗ ಲಿಮಿಟ್ ಮುಂದಿನ ಸಂಖ್ಯೆ '10' ಎಂದು ಕೋಟ್ ಹೊತ್ತು ಹೋಗಿ 1064 ಬರುವುದು ಇದರದೇ ಇನ್ನೊಂದು ಲಕ್ಷಣ.

ಪೋಸ್ಟ್‌ಗ್ರೆಸ್‌ನ ಜೆಸನ್‌ಬಿ ಕಾಲಮ್ಮಿಗೆ ? ಎಂಬ ಆಪರೇಟರೇ ಇದೆ. ಜೆಡಿಬಿಸಿ ಅದನ್ನು ಪ್ಲೇಸ್‌ಹೋಲ್ಡರ್ ಎಂದುಕೊಳ್ಳುವುದರಿಂದ ಅಲ್ಲಿ ?? ಎಂದು ಎರಡು ಸಲ ಬರೆಯಿರಿ.

ಪ್ಲೇಸ್‌ಹೋಲ್ಡರ್ ಕೆಲಸಕ್ಕೆ ಬಾರದ ಜಾಗ

ಟೇಬಲ್ ಹೆಸರು, ಕಾಲಂ ಹೆಸರು, ಆರ್ಡರ್ ಬೈ ನಂತರದ ಏರಿಕೆ-ಇಳಿಕೆ: ಇವು ಬೆಲೆಗಳಲ್ಲ, ಕ್ವೆರಿಯ ಮೈಯೇ. ಇವಕ್ಕೆ ಗುರುತು ಇಡಲು ಬರುವುದಿಲ್ಲ. ಆರ್ಡರ್ ಬೈ ? ಎಂದು ಬರೆದು 'ಊರು' ಕಳಿಸಿದರೆ ಮೈಎಸ್‌ಕ್ಯುಎಲ್ ತಕರಾರಿಲ್ಲದೆ ನಡೆಸುತ್ತದೆ, ಆದರೆ ಎಲ್ಲ ಸಾಲಿಗೂ ಒಂದೇ ಆದ ಸ್ಥಿರ ಸ್ಟ್ರಿಂಗಿನ ಮೇಲೆ ವಿಂಗಡಿಸಿದಂತಾಗಿ ಸಾಲುಗಳ ಕ್ರಮ ಬದಲಾಗುವುದೇ ಇಲ್ಲ. ಇಂಥ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಇರಬಹುದು.

ಪರಿಹಾರ ಅನುಮತಿ ಪಟ್ಟಿ. ಬಳಕೆದಾರರಿಂದ "ಊರು" ಎಂಬ ಪದ ಬಂದರೆ ಅದನ್ನು ನಿಮ್ಮ ಕೋಡಿನಲ್ಲಿರುವ ನಿಘಂಟಿನಲ್ಲಿ ಹುಡುಕಿ, ಅಲ್ಲಿ ನೀವೇ ಬರೆದಿಟ್ಟ ಕಾಲಂ ಹೆಸರನ್ನು ಕ್ವೆರಿಗೆ ಹಾಕಿ. ಸಿಗದಿದ್ದರೆ ನಿರಾಕರಿಸಿ. ಬಂದ ಪಠ್ಯ ಎಂದೂ ಕ್ವೆರಿಯೊಳಗೆ ಕಾಲಿಡಬಾರದು, ಪಟ್ಟಿಯಲ್ಲಿ ನೀವು ಬರೆದದ್ದಷ್ಟೇ ಹೋಗಬೇಕು.

ಹೆಸರನ್ನು ಕೋಟ್ ಮಾಡಲೇಬೇಕಾದಾಗ ಪೋಸ್ಟ್‌ಗ್ರೆಸ್, ಒರಾಕಲ್‌ಗಳಲ್ಲಿ ಡಬಲ್ ಕೋಟ್, ಮೈಎಸ್‌ಕ್ಯುಎಲ್‌ನಲ್ಲಿ ಬ್ಯಾಕ್‌ಟಿಕ್, ಎಸ್‌ಕ್ಯುಎಲ್ ಸರ್ವರಿನಲ್ಲಿ [ ]. ಒಳಗೆ ಅದೇ ಮುಚ್ಚುವ ಚಿಹ್ನೆ ಇದ್ದರೆ ಇಮ್ಮಡಿಸಿ: ] ಇದ್ದಲ್ಲಿ ]]. ಮೈಎಸ್‌ಕ್ಯುಎಲ್‌ನಲ್ಲಿ ಡಬಲ್ ಕೋಟ್ ಎಂದರೆ ಸಾಮಾನ್ಯವಾಗಿ ಸ್ಟ್ರಿಂಗ್. ಎಎನ್‌ಎಸ್‌ಐ ಕೋಟ್ಸ್ ಮೋಡ್ ಹಾಕಿದರೆ ಮಾತ್ರ ಕಾಲಂ ಹೆಸರು. ಎಸ್‌ಕ್ಯುಎಲೈಟ್ ಇನ್ನೂ ವಿಚಿತ್ರ. ಡಬಲ್ ಕೋಟಿನೊಳಗಿನ ಕಾಲಂ ಸಿಗದಿದ್ದರೆ ಅದನ್ನು ಸದ್ದಿಲ್ಲದೆ ಸ್ಟ್ರಿಂಗ್ ಎಂದುಕೊಳ್ಳುತ್ತದೆ, ಕಾಲಂ ಹೆಸರಿನ ಕಾಗುಣಿತ ತಪ್ಪಿದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಹಲವು ಬೆಲೆಗಳಲ್ಲಿ ಯಾವುದಾದರೂ ಒಂದಕ್ಕೆ ಹೊಂದುವ ಸಾಲು ಹುಡುಕುವ ಇನ್ ಪಟ್ಟಿಗೆ ಒಂದೇ ಗುರುತಿನಲ್ಲಿ "3,5,9" ತುರುಕಿದರೆ ಅದು ಒಂದೇ ಬೆಲೆಯಾಗುತ್ತದೆ. ಎಷ್ಟು ಬೆಲೆಯೋ ಅಷ್ಟು ಗುರುತು ತಯಾರಿಸಿ, ಅಥವಾ ಪೋಸ್ಟ್‌ಗ್ರೆಸ್‌ನಲ್ಲಿ = ಎನಿ($1) ಬರೆದು ಅರೇ ಕಳಿಸಿ. ಮಿತಿ ನೆನಪಿರಲಿ: ಎಸ್‌ಕ್ಯುಎಲ್ ಸರ್ವರಿಗೆ 2100 ಪ್ಯಾರಾಮೀಟರ್, ಎಸ್‌ಕ್ಯುಎಲೈಟ್‌ನಲ್ಲಿ 3.32ಕ್ಕೆ ಮುಂಚೆ 999, ಈಗ 32766. ಒರಾಕಲ್‌ನ ಇನ್ ಪಟ್ಟಿ ಬಹುಕಾಲ 1000ಕ್ಕೇ ನಿಲ್ಲುತ್ತಿತ್ತು. ಖಾಲಿ ಪಟ್ಟಿ ಬಂದರೆ ಇನ್ () ಎಂಬುದು ಹೆಚ್ಚಿನ ಕಡೆ ವ್ಯಾಕರಣ ದೋಷ, ಮೊದಲೇ ತಡೆಯಿರಿ.

ಲೈಕ್: ಸುರಕ್ಷಿತವೆಂದುಕೊಂಡಲ್ಲಿ ಉಳಿದ ತೊಡಕು

ಪ್ಯಾರಾಮೀಟರ್ ಬಳಸಿದ ಮೇಲೂ % (ಎಷ್ಟಾದರೂ ಅಕ್ಷರ) ಮತ್ತು _ (ಯಾವುದಾದರೂ ಒಂದು ಅಕ್ಷರ) ತಮ್ಮ ಕೆಲಸ ಬಿಡುವುದಿಲ್ಲ, ಏಕೆಂದರೆ ಅವುಗಳಿಗೆ ಅರ್ಥ ಕೊಡುವುದು ಪಾರ್ಸರ್ ಅಲ್ಲ, ಮಾದರಿಗೆ ಹೊಂದುವ ಪಠ್ಯ ಹುಡುಕುವ ಲೈಕ್ ಆಪರೇಟರ್. "50% ರಿಯಾಯಿತಿ" ಎಂದು ಹುಡುಕಿದವರಿಗೆ "500 ರೂಪಾಯಿ ರಿಯಾಯಿತಿ" ಕೂಡ ಸಿಗುತ್ತದೆ. ಯಾರಾದರೂ ಮೊದಲಲ್ಲೇ % ಒತ್ತಿದರೆ ಇಂಡೆಕ್ಸ್ ಉಪಯೋಗಕ್ಕೆ ಬಾರದೆ ಇಡೀ ಟೇಬಲ್ ಓದಬೇಕಾಗುತ್ತದೆ.

ಒಂದು ಎಸ್ಕೇಪ್ ಅಕ್ಷರ ಆರಿಸಿ, ! ಒಳ್ಳೆಯದು. ಬ್ಯಾಕ್‌ಸ್ಲ್ಯಾಶ್ ಆರಿಸಿದರೆ ಮೈಎಸ್‌ಕ್ಯುಎಲ್‌ನಲ್ಲಿ ಅದನ್ನೇ ಮತ್ತೆ ಎಸ್ಕೇಪ್ ಮಾಡಿ '\\' ಬರೆಯಬೇಕು, ಪೋಸ್ಟ್‌ಗ್ರೆಸ್‌ನಲ್ಲಿ '\' ಸಾಕು. ಈ ಗೊಂದಲ ಯಾಕೆ ಬೇಕು? ಬಳಕೆದಾರರ ಪಠ್ಯದಲ್ಲಿ ಮೊದಲು ! ಅನ್ನು !! ಮಾಡಿ. ಆಮೇಲೆ % ಅನ್ನು !%, _ ಅನ್ನು !_ ಮಾಡಿ. ಕ್ರಮ ತಪ್ಪಿದರೆ ನೀವೇ ಹಾಕಿದ ! ಇಮ್ಮಡಿಯಾಗಿ ಎಲ್ಲ ಕೆಡುತ್ತದೆ. ಎಸ್‌ಕ್ಯುಎಲ್ ಸರ್ವರಿನಲ್ಲಿ [ ಕೂಡ ವೈಲ್ಡ್‌ಕಾರ್ಡ್, ಅದನ್ನು ![ ಮಾಡಿ. ಕೊನೆಗೆ ನಿಮಗೆ ಬೇಕಾದ % ಅನ್ನು ಕೋಡಿನಲ್ಲೇ ಅಂಟಿಸಿ, ಇಡೀ ಸ್ಟ್ರಿಂಗನ್ನು ಒಂದೇ ಬೆಲೆಯಾಗಿ ಕಳಿಸಿ:

    ವೇರ್ ವಿವರ ಲೈಕ್ ? ಎಸ್ಕೇಪ್ '!'

ಎಸ್ಕೇಪ್ ಭಾಗವನ್ನು ಬರೆಯದೆ ಬಿಡಬೇಡಿ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಬರೆಯದಿದ್ದರೂ ಬ್ಯಾಕ್‌ಸ್ಲ್ಯಾಶ್ ಎಸ್ಕೇಪ್ ಆಗುತ್ತದೆ. ಒರಾಕಲ್, ಎಸ್‌ಕ್ಯುಎಲೈಟ್, ಎಸ್‌ಕ್ಯುಎಲ್ ಸರ್ವರಿನಲ್ಲಿ ಎಸ್ಕೇಪ್ ಅಕ್ಷರವೇ ಇರುವುದಿಲ್ಲ.

ಕೈಯಾರೆ ಬರೆಯಲೇಬೇಕಾದಾಗ

ಸ್ಕೀಮಾ (ಟೇಬಲ್ಲುಗಳ ರಚನೆ) ಬದಲಾವಣೆಯ ಕಡತ, ಒಮ್ಮೆ ಓಡಿಸುವ ಅಪ್‌ಡೇಟ್: ಇಲ್ಲಿ ಬೆಲೆಯನ್ನು ಪಠ್ಯದಲ್ಲೇ ಬರೆಯುತ್ತೇವೆ. ಎಲ್ಲ ಡೇಟಾಬೇಸಿಗೂ ಒಪ್ಪುವ ವಿಧಾನ ಸಿಂಗಲ್ ಕೋಟ್ ಇಮ್ಮಡಿಸುವುದು: 'ಡಿ''ಸೋಜಾ'. ಅವು ಎರಡು ಸಿಂಗಲ್ ಕೋಟ್, ಒಂದು ಡಬಲ್ ಕೋಟ್ ಅಲ್ಲ. ಉದ್ದನೆಯ ಪಠ್ಯಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ $$ ... $$ ನಡುವೆ, ಒರಾಕಲ್‌ನಲ್ಲಿ ಕ್ಯು'[ ... ]' ನಡುವೆ ಏನನ್ನೂ ಇಮ್ಮಡಿಸದೆ ಬರೆಯಬಹುದು.

ಬ್ಯಾಕ್‌ಸ್ಲ್ಯಾಶ್ ವಿಷಯದಲ್ಲಿ ಡೇಟಾಬೇಸುಗಳಿಗೆ ಒಮ್ಮತವಿಲ್ಲ. ಮೈಎಸ್‌ಕ್ಯುಎಲ್ ಅದನ್ನು ಎಸ್ಕೇಪ್ ಎಂದೇ ಓದುತ್ತದೆ, ಹಾಗಾಗಿ ವಿಂಡೋಸ್ ಪಾತ್‌ನಲ್ಲಿ \ ಆದ ಮೇಲೆ ಇಂಗ್ಲಿಷಿನ ಎನ್ ಬಂದರೆ ಅಲ್ಲೊಂದು ಹೊಸ ಸಾಲು ಹುಟ್ಟುತ್ತದೆ. ಪೋಸ್ಟ್‌ಗ್ರೆಸ್ 2011ರ 9.1 ಆವೃತ್ತಿಯಿಂದ ಸಾಮಾನ್ಯ ಕೋಟಿನೊಳಗೆ ಅದನ್ನು ಬರೀ ಅಕ್ಷರವೆಂದು ಓದುತ್ತದೆ. ಎಸ್ಕೇಪ್ ಬೇಕಿದ್ದರೆ ಕೋಟಿನ ಮುಂದೆ ಇ ಹಾಕಿ ಇ'...' ಎಂದು ಬರೆಯಬೇಕು. ಒಂದಕ್ಕೆ ಬರೆದ ಎಸ್ಕೇಪ್ ಫಂಕ್ಷನ್ ಇನ್ನೊಂದಕ್ಕೆ ಎರವಲು ತರಬೇಡಿ.

ಕೋಡಿನಲ್ಲಿ ಎಸ್ಕೇಪ್ ಫಂಕ್ಷನ್ ನಂಬಿ ಕೂರಬಾರದೇಕೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಚೀನೀ ಭಾಷೆಯ ಜಿಬಿಕೆ ಎನ್‌ಕೋಡಿಂಗಿನ ಸಂಪರ್ಕದಲ್ಲಿ ದಾಳಿಕೋರ 191, 39 ಎಂಬ ಎರಡು ಬೈಟ್ ಕಳಿಸುತ್ತಾನೆ. 39 ಎಂದರೆ ಸಿಂಗಲ್ ಕೋಟ್. ಪಿಎಚ್‌ಪಿಯ ಆ್ಯಡ್‌ಸ್ಲ್ಯಾಶಸ್ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್, ಅಂದರೆ 92, ಸೇರಿಸುತ್ತದೆ. ಈಗ 191 ಮತ್ತು 92 ಸೇರಿ ಜಿಬಿಕೆಯಲ್ಲಿ ಒಂದು ಅಕ್ಷರವಾಗುತ್ತದೆ, ಕೋಟ್ ಬೆತ್ತಲೆಯಾಗಿ ಉಳಿಯುತ್ತದೆ. ಕಾವಲಿಗೆ ಹಾಕಿದ ಬ್ಯಾಕ್‌ಸ್ಲ್ಯಾಶನ್ನೇ ಪಕ್ಕದ ಬೈಟ್ ನುಂಗಿತು. ಇದು ಹಳೆಯ ಕಥೆ ಎನ್ನುವ ಹಾಗೂ ಇಲ್ಲ: 2025ರ ಫೆಬ್ರವರಿಯಲ್ಲಿ ಪೋಸ್ಟ್‌ಗ್ರೆಸ್‌ನ ಎಸ್ಕೇಪ್ ಫಂಕ್ಷನ್‌ಗಳಲ್ಲೇ ಎನ್‌ಕೋಡಿಂಗ್ ಕೆಟ್ಟ ಪಠ್ಯದಿಂದ ಇದೇ ಜಾತಿಯ ತೂತು ಸಿಕ್ಕಿತು. ಸಿವಿಇ-2025-1094 ಎಂಬುದು ಅದರ ಗುರುತು, 17.3, 16.7, 15.11, 14.16, 13.19 ಆವೃತ್ತಿಗಳಲ್ಲಿ ಸರಿಪಡಿಸಲಾಯಿತು.

ಸಂಖ್ಯೆಯ ಜಾಗದಲ್ಲಂತೂ ಎಸ್ಕೇಪ್ ನಿಷ್ಪ್ರಯೋಜಕ. ಐಡಿ = 5 ಆರ್ 1=1 ಎಂಬಲ್ಲಿ ಎಸ್ಕೇಪ್ ಮಾಡಲು ಒಂದು ಕೋಟೂ ಇಲ್ಲ.

ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನೊಳಗೇ ಉಳಿಸಿಟ್ಟ ಪ್ರೋಗ್ರಾಮು) ಬರೆದ ಕೂಡಲೇ ಸುರಕ್ಷಿತ ಎಂಬ ನಂಬಿಕೆಯೂ ಬೇಡ. ಒಳಗೆ ಪಠ್ಯ ಜೋಡಿಸಿ ಎಕ್ಸೆಕ್ ಮಾಡಿದರೆ ಹೊರಗಿನ ಪ್ಯಾರಾಮೀಟರ್ ಪ್ರಯೋಜನವಿಲ್ಲ. ಎಸ್‌ಕ್ಯುಎಲ್ ಸರ್ವರಿನಲ್ಲಿ ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸಿಕ್ಯೂಟ್ ... ಯೂಸಿಂಗ್ ಬಳಸಿ. ಹೆಸರುಗಳಿಗೆ ಪೋಸ್ಟ್‌ಗ್ರೆಸ್‌ನ ಫಾರ್ಮ್ಯಾಟ್ ಫಂಕ್ಷನ್ನಿನ %ಐ ಇದೆ, ಎಸ್‌ಕ್ಯುಎಲ್ ಸರ್ವರಿಗೆ ಕೋಟ್‌ನೇಮ್ ಇದೆ. ಕೋಟ್‌ನೇಮ್ 128 ಅಕ್ಷರ ಮೀರಿದರೆ ನಲ್ ಕೊಡುತ್ತದೆ, ಅದನ್ನು ಸೇರಿಸಿದ ಇಡೀ ಕ್ವೆರಿಯೂ ನಲ್ ಆಗಿ ಏನೂ ನಡೆಯದೆ ಹೋಗುತ್ತದೆ. ನಮ್ಮದೇ ಟೇಬಲ್ಲಿನಿಂದ ಓದಿದ ಬೆಲೆಗೂ ಇದೇ ನಿಯಮ. ಒಳಗೆ ಸುರಕ್ಷಿತವಾಗಿ ಸೇರಿದ ಡಿ'ಸೋಜಾ ಹೊರಬರುವಾಗ ಮತ್ತೆ ಬರೀ ಡಿ'ಸೋಜಾ.

ಕನ್ನಡ ಪಠ್ಯದ ಸ್ವಂತ ತಾಪತ್ರಯ

ಎಸ್‌ಕ್ಯುಎಲ್ ಸರ್ವರಿನಲ್ಲಿ 'ಮಂಗಳೂರು' ಎಂದು ಬರೆದು ಸೇರಿಸಿದರೆ ಸಾಮಾನ್ಯವಾಗಿ ಉಳಿಯುವುದು ??????? ಮಾತ್ರ, ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಪಠ್ಯದ ಬಗೆ) ಆಗಿದ್ದರೂ. ಕೋಟಿನ ಮುಂದೆ ಇಂಗ್ಲಿಷಿನ ದೊಡ್ಡ ಎನ್ ಬೇಕು: ಎನ್'ಮಂಗಳೂರು'. ಪ್ರಶ್ನಾರ್ಥಕವಾದ ಅಕ್ಷರ ಮತ್ತೆ ಬರುವುದಿಲ್ಲ, ಮೂಲ ಕಡತದಿಂದ ಮತ್ತೆ ಸೇರಿಸುವುದೇ ದಾರಿ.

ಇದೇ ಪರಿವರ್ತನೆಯಲ್ಲಿ ಒಂದು ಅಪಾಯವೂ ಅಡಗಿದೆ. ಯೂನಿಕೋಡಿನ 700ನೆಯ ಅಕ್ಷರ ನೋಡಲು ಅಪಾಸ್ಟ್ರಫಿಯಂತಿದೆ. ಎನ್‌ವಾರ್‌ಚಾರ್‌ನಿಂದ ವಾರ್‌ಚಾರ್‌ಗೆ ಇಳಿಸಿದಾಗ ಅದು ನಿಜವಾದ ಸಿಂಗಲ್ ಕೋಟ್ ಆಗಿಬಿಡುತ್ತದೆ. ಮೊದಲು ಎಸ್ಕೇಪ್ ಮಾಡಿ ಆಮೇಲೆ ಇಳಿಸುವ ಪ್ರೊಸೀಜರ್‌ಗಳು ಇಲ್ಲಿ ಮೋಸಹೋಗುತ್ತವೆ.

ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡದ ಕೋಡುಗಳು ಸರಿಯಾಗಿ 3 ಬೈಟ್, ಆದ್ದರಿಂದ ಕನ್ನಡ ಚೆನ್ನಾಗಿಯೇ ನಡೆಯುತ್ತದೆ. ಯಾರೋ ಎಮೋಜಿ ಹಾಕಿದ ದಿನ 4 ಬೈಟ್ ಬೇಕಾಗಿ 1366 ದೋಷ ಬರುತ್ತದೆ. ಟೇಬಲ್, ಕಾಲಂ, ಸಂಪರ್ಕ ಮೂರನ್ನೂ ಯುಟಿಎಫ್8ಎಂಬಿ4 ಮಾಡಿ, 8.0ರಲ್ಲಿ ಹೊಸ ಡೇಟಾಬೇಸಿಗೆ ಅದೇ ತಾನಾಗಿ ಬರುತ್ತದೆ, ಹಳೆಯ ಟೇಬಲ್ ತಾನಾಗಿ ಬದಲಾಗುವುದಿಲ್ಲ.

ಉದ್ದದ ಲೆಕ್ಕವೂ ಮೋಸ ಮಾಡುತ್ತದೆ. "ಮಂಗಳೂರು" ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ 7 ಕೋಡ್, ಯುಟಿಎಫ್-8ರಲ್ಲಿ 21 ಬೈಟ್. ಒರಾಕಲ್‌ನಲ್ಲಿ ಬರೀ ವಾರ್‌ಚಾರ್2(10) ಎಂದರೆ ಸಾಮಾನ್ಯವಾಗಿ 10 ಬೈಟ್, "ಮಂಗಳೂರು" ಅದರಲ್ಲಿ ಹಿಡಿಸದು. ವಾರ್‌ಚಾರ್2(10 ಚಾರ್) ಎಂದೇ ಬರೆಯಿರಿ.

ಕಾಣದ ಅಕ್ಷರಗಳದ್ದು ಬೇರೆಯೇ ಪಾಡು. "ಸಾಫ್ಟ್‌ವೇರ್" ಪದದ ನಡುವೆ ವ ಒತ್ತಾಗದಂತೆ ತಡೆಯಲು 8204 ಸಂಖ್ಯೆಯ ಜೋಡಿಸದ ಗುರುತು ಕೂತಿರುತ್ತದೆ. "ರ‍್ಯಾಂಕ್"ನಲ್ಲಿ ಅರ್ಕಾವತ್ತು ಬಾರದಂತೆ 8205. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ = ಹೋಲಿಕೆ ಸೋಲುತ್ತದೆ. ಹಾಗೆಂದು ಮೂಲ ಪಠ್ಯದಿಂದ ಅವನ್ನು ಕಿತ್ತುಹಾಕಿದರೆ ಪದದ ರೂಪವೇ ಕೆಡುತ್ತದೆ. ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಇಡಿ. ಅಲ್ಲಿ ಎರಡನ್ನೂ ತೆಗೆದ ಪ್ರತಿ ಇರಲಿ, ಹುಡುಕುವ ಪದಕ್ಕೂ ಅದೇ ಸಂಸ್ಕಾರ ಮಾಡಿ. "ಕೊ" ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ, ಎತ್ವ ಮತ್ತು ಊ ಕಾರದ ಎರಡು ಚಿಹ್ನೆಗಳಾಗಿಯೂ ಸಂಗ್ರಹಿಸಲು ಸಾಧ್ಯ. ಒಳತರುವ ಮುನ್ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡಿನ ಏಕರೂಪಕ್ಕೆ) ತನ್ನಿ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಫಂಕ್ಷನ್ ಡೇಟಾಬೇಸಿನಲ್ಲೇ ಇದೆ. ಎನ್‌ಎಫ್‌ಸಿ 8204, 8205ನ್ನು ಮುಟ್ಟುವುದಿಲ್ಲ, ಎರಡೂ ಕೆಲಸ ಬೇರೆ ಬೇರೆ ಮಾಡಬೇಕು.

ಎಕ್ಸೆಲ್ ಮತ್ತು ಟರ್ಮಿನಲ್

ಎಕ್ಸೆಲ್‌ನಲ್ಲಿ & ಫಾರ್ಮುಲಾ ಹಾಕಿ ಸಾವಿರ ಇನ್ಸರ್ಟ್ ಸಾಲು ತಯಾರಿಸುವ ಅಭ್ಯಾಸ ಕಚೇರಿಗಳಲ್ಲಿ ಬಹಳ. ಮೊದಲ ಡಿ'ಸೋಜಾಗೆ ಅದು ನಿಲ್ಲುತ್ತದೆ. ಸಿಎಸ್‌ವಿ ಯುಟಿಎಫ್-8 ರೂಪದಲ್ಲಿ ಉಳಿಸಿ, ಪೋಸ್ಟ್‌ಗ್ರೆಸ್‌ನ ಕಾಪಿ ಅಥವಾ ಮೈಎಸ್‌ಕ್ಯುಎಲ್‌ನ ಲೋಡ್ ಡೇಟಾ ಬಳಸಿ. ಸಿಂಗಲ್ ಕೋಟಿಗೆ ಅಲ್ಲಿ ಯಾವ ವಿಶೇಷ ಅರ್ಥವೂ ಇಲ್ಲ. ಲೋಡ್ ಡೇಟಾ ಬ್ಯಾಕ್‌ಸ್ಲ್ಯಾಶನ್ನು ಎಸ್ಕೇಪ್ ಎಂದು ಓದುವುದರಿಂದ ಎಸ್ಕೇಪ್ಡ್ ಬೈ '' ಎಂದು ಖಾಲಿ ಕೊಡಿ.

ವರ್ಡ್ ಕಡತದಿಂದ ಕ್ವೆರಿ ನಕಲಿಸಿದರೆ ನೇರ ಕೋಟ್‌ಗಳು ‘ ’ ಎಂದು ಬಾಗಿರುತ್ತವೆ. ಪಾರ್ಸರಿಗೆ ಅವು ಕೋಟೇ ಅಲ್ಲ.

ಟರ್ಮಿನಲ್ಲಿನಲ್ಲಿ ಶೆಲ್ ಮೊದಲು ಓದುತ್ತದೆ: ಡಬಲ್ ಕೋಟಿನೊಳಗಿನ $ ಮತ್ತು ಬ್ಯಾಕ್‌ಟಿಕ್ ಡೇಟಾಬೇಸ್ ತಲುಪುವ ಮುಂಚೆಯೇ ಕರಗುತ್ತವೆ. ಪಿಎಸ್‌ಕ್ಯುಎಲ್‌ನಲ್ಲಿ -ವಿ ಆಯ್ಕೆಯಿಂದ ವೇರಿಯಬಲ್ ಕೊಟ್ಟು, ಕ್ವೆರಿಯಲ್ಲಿ :'ಹೆಸರು' ಎಂದು ಬರೆದರೆ ಅದೇ ಕೋಟ್ ಹಾಕಿಕೊಡುತ್ತದೆ. ಆದರೆ -ಸಿ ಆಯ್ಕೆಯಲ್ಲಿ ಕೊಟ್ಟ ಕ್ವೆರಿಗೆ ಈ ಸೌಲಭ್ಯ ಇಲ್ಲ, ಕಡತವಾಗಿ -ಎಫ್ ಮೂಲಕ ಕೊಡಿ.

ಪರೀಕ್ಷೆ, ಮತ್ತು ಆಗಲೇ ಕೆಟ್ಟದ್ದರ ರಿಪೇರಿ

ಪ್ರತಿ ಫಾರ್ಮಿನಲ್ಲೂ ಈ ಬೆಲೆಗಳನ್ನು ಸೇರಿಸಿ, ಮತ್ತೆ ಓದಿ, ಬೈಟ್ ಬೈಟ್ ಹೋಲಿಸಿ: ಡಿ'ಸೋಜಾ; ಬರೀ '; ಬರೀ \; \ ನಿಂದ ಕೊನೆಯಾಗುವ ಪದ; 50%; ಎ_12; [1]; "ಸಾಫ್ಟ್‌ವೇರ್"; ಒಂದು ಎಮೋಜಿ; ಹೊಸ ಸಾಲಿರುವ ವಿಳಾಸ; ಖಾಲಿ ಸ್ಟ್ರಿಂಗ್. ಕೊನೆಯದು ಒರಾಕಲ್‌ನಲ್ಲಿ ನಲ್ ಆಗಿ ಹಿಂತಿರುಗುತ್ತದೆ, ಅದು ದೋಷವಲ್ಲ, ಒರಾಕಲ್‌ನ ಸ್ವಭಾವ. ಸೊನ್ನೆ ಬೈಟ್ ಇರುವ ಪಠ್ಯವನ್ನು ಪೋಸ್ಟ್‌ಗ್ರೆಸ್ ತೆಗೆದುಕೊಳ್ಳುವುದೇ ಇಲ್ಲ, ಮೊದಲೇ ತಡೆದು ಅರ್ಥವಾಗುವ ಸಂದೇಶ ಕೊಡಿ.

ಹಳೆಯ ಟೇಬಲ್ಲಿನಲ್ಲಿ ಡಿ\'ಸೋಜಾ ಕಂಡರೆ ಎಸ್ಕೇಪ್ ಒಂದಕ್ಕಿಂತ ಹೆಚ್ಚು ಸಲ ಆಗಿದೆ ಎಂದರ್ಥ. ಪಠ್ಯ ಜೋಡಿಸುವ ಕೋಡಿನಲ್ಲಿ ಒಂದು ಪದರ ಪಾರ್ಸರ್ ಬಿಚ್ಚುತ್ತದೆ, ಉಳಿದದ್ದು ಟೇಬಲ್ಲಿಗೆ ಹೋಗುತ್ತದೆ: ಎರಡು ಸಲ ಎಸ್ಕೇಪ್ ಆದರೆ ಒಂದು \, ಮೂರು ಸಲ ಆದರೆ ಮೂರು \. ಮೊದಲು ತಪ್ಪು ಮಾಡುತ್ತಿರುವ ಕೋಡ್ ನಿಲ್ಲಿಸಿ, ಬ್ಯಾಕಪ್ ತೆಗೆಯಿರಿ. ಮೈಎಸ್‌ಕ್ಯುಎಲ್‌ನಲ್ಲಿ ಹುಡುಕಲು ಲೈಕ್ ಬೇಡ, ಅಲ್ಲಿ ಒಂದು ಬ್ಯಾಕ್‌ಸ್ಲ್ಯಾಶಿಗೆ ನಾಲ್ಕು ಬರೆಯಬೇಕಾಗುತ್ತದೆ. ಇನ್‌ಸ್ಟರ್ ಸಾಕು:

    ಅಪ್‌ಡೇಟ್ ಸದಸ್ಯರು ಸೆಟ್ ಹೆಸರು = ರಿಪ್ಲೇಸ್(ಹೆಸರು, '\\''', '''')
    ವೇರ್ ಇನ್‌ಸ್ಟರ್(ಹೆಸರು, '\\''') > 0

ಟ್ರಾನ್ಸಾಕ್ಷನ್ ಒಳಗೆ ಓಡಿಸಿ. ಒಂದು ಸುತ್ತಿಗೆ ಒಂದು \ ಹೋಗುತ್ತದೆ, ಮೂರು ಇದ್ದ ಹೆಸರಿಗೆ ಮೂರು ಸುತ್ತು ಬೇಕು. ಬದಲಾದ ಸಾಲು 0 ಎಂದು ಬರುವವರೆಗೆ ಓಡಿಸಿ, ಇಪ್ಪತ್ತು ಮೂವತ್ತು ಹೆಸರು ಕಣ್ಣಾರೆ ನೋಡಿ, ಆಮೇಲೆ ಕಮಿಟ್ ಮಾಡಿ. ಹೆಸರಿನಲ್ಲಿ &#39; ಕಂಡರೆ ಅದು ಬೇರೆ ರೋಗ: ಪುಟಕ್ಕೆ ಬರೆಯುವಾಗ ಮಾಡಬೇಕಾದ ಎಚ್‌ಟಿಎಂಎಲ್ ಎಸ್ಕೇಪನ್ನು ಯಾರೋ ಟೇಬಲ್ಲಿಗೆ ಬರೆಯುವಾಗಲೇ ಮಾಡಿದ್ದಾರೆ. ಅದಕ್ಕೂ ಇದೇ ರಿಪ್ಲೇಸ್ ನಡೆಯುತ್ತದೆ, ಆದರೆ &amp; ರೂಪವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬಿಚ್ಚಿ.